ಬೆಕ್ಕುಗಳ ಸಭೆಗೆ ಬಂದವನು

"ನಿಲ್ಲಿ! ಒಂದು ಹೆಜ್ಜೆನೂ ಮುಂದೆ ಇಡಬೇಡಿ!"

ಯಾರೋ ಗಂಡಸಿನ ದನಿ. ಅದರ ಹಿಂದೆಯೇ ಅವಳ ಎದುರಿಗೆ ಅಡ್ಡವಾಗಿ ಚಾಚಿದ ಒಂದು ತೋಳು.

ಅವಳ ಕೈಯಲ್ಲಿದ್ದ ರಟ್ಟಿನ ಡಬ್ಬಿ ಜಾರಿತು. ಮುಚ್ಚಳ ಹಾರಿ, ಒಳಗಿದ್ದ ಹಲ್ಲಿನ ಸೆಟ್ ಕಲ್ಲುಹಾಸಿನ ಮೇಲೆ ಬಿದ್ದು, ಮೇಲಿನ ಸಾಲು ಉರುಳುತ್ತಾ ಅವನ ಬೂಟಿನ ಬಳಿ ಹೋಗಿ ನಿಂತಿತು. ಕೆಳಗಿನ ಸಾಲು ಬಿದ್ದಲ್ಲೇ ಎರಡು ತುಂಡು.

ಅವನು ಹಲ್ಲನ್ನು ನೋಡಿದ. ಅವಳ ಬಾಯಿಯನ್ನು ನೋಡಿದ. ಮತ್ತೆ ಹಲ್ಲನ್ನು ನೋಡಿದ.

"ಇದು... ನಿಮ್ಮದಾ?"

"ನನ್ನದಲ್ಲ ರೀ!" ಅವಳು ಬಗ್ಗಿ ತುಂಡುಗಳನ್ನು ಆರಿಸಿಕೊಂಡಳು. "ಒಬ್ಬರು ಮೇಷ್ಟ್ರದ್ದು. ನಾಳಿದ್ದು ಹಳೇ ಶಿಷ್ಯರ ಮುಂದೆ ಭಾಷಣ ಇದೆ ಅವರಿಗೆ. ಮೂರು ದಿನ ಕೂತು ಮಾಡಿದ್ದೆ... ಯಾಕ್ರೀ ಹಾಗೆ ಅಡ್ಡ ಬಂದ್ರಿ?"

ಅವನು ತುಟಿಯ ಮೇಲೆ ಬೆರಳಿಟ್ಟು ಕಾಂಪೌಂಡ್ ಗೋಡೆಯತ್ತ ಕಣ್ಣು ತೋರಿಸಿದ. "ಮಾತುಕತೆ ನಡೀತಿದೆ."

ಗೋಡೆಯ ಅಗಲ ಸರಿಯಾಗಿ ಒಂದು ಬೆಕ್ಕಿನಷ್ಟು. ಅದರ ನಟ್ಟನಡುವೆ ಎರಡು ಬೆಕ್ಕುಗಳು ಎದುರಾಬದುರಾಗಿ ಕೂತಿದ್ದವು. ಒಂದು, ದಿಂಬಿನಷ್ಟು ದಪ್ಪಗಿದ್ದ ಕೇಸರಿ ಗಂಡು. ಇನ್ನೊಂದು, ಮೂಗಿನ ಕೆಳಗೆ ಕಪ್ಪು ಮಚ್ಚೆಯಿದ್ದ ಪುಟ್ಟ ಬಿಳಿ ಹೆಣ್ಣು. ಯಾರೂ ದಾರಿ ಬಿಡುತ್ತಿರಲಿಲ್ಲ. ಜಗಳವನ್ನೂ ಆಡುತ್ತಿರಲಿಲ್ಲ. ಕೇಸರಿ ಬೆಕ್ಕು ಆಕಾಶದಲ್ಲಿ ಏನೋ ಮುಖ್ಯವಾದದ್ದು ಇದೆ ಎಂಬಂತೆ ಮೇಲೆ ನೋಡುತ್ತಿತ್ತು. ಬಿಳಿ ಬೆಕ್ಕು, ತಾನು ಬಂದಿದ್ದೇ ಇದಕ್ಕೆ ಎಂಬಂತೆ ಪಂಜ ನೆಕ್ಕಿಕೊಳ್ಳುತ್ತಿತ್ತು.

"ಮಧ್ಯೆ ಯಾರಾದ್ರೂ ಹಾದು ಹೋದ್ರೆ ಮೊದಲಿಂದ ಶುರು ಮಾಡ್ತಾರೆ. ನಿನ್ನೆ ಪೇಪರಿನವರು ಹೋದ್ರು ನೋಡಿ, ಇಪ್ಪತ್ತು ನಿಮಿಷ ಎಳೀತು," ಎಂದು ಅವನು ಪಿಸುಗುಟ್ಟಿದ.

ಅಷ್ಟರಲ್ಲಿ ಕೇಸರಿ ಬೆಕ್ಕು, ಮರೆತಿದ್ದ ಕೆಲಸವೊಂದು ಈಗಷ್ಟೇ ನೆನಪಾಯಿತು ಎನ್ನುವ ಗತ್ತಿನಲ್ಲಿ ತಿರುಗಿ, ಗೋಡೆಯಿಂದ ಇಳಿದು ಹೋಯಿತು. ಬಿಳಿಯದು ಬಾಲ ನೆಟ್ಟಗೆ ಮಾಡಿಕೊಂಡು ನಡೆಯಿತು.

ಅವನು ಕೈಗಡಿಯಾರ ನೋಡಿದ. ಜೇಬಿನಿಂದ ಪುಟ್ಟ ನೋಟ್‌ಬುಕ್ ತೆಗೆದು ಏನೋ ಬರೆದುಕೊಂಡ.

"ಏನು ಬರೀತಿದ್ದೀರಿ?"

"ಏನಿಲ್ಲ," ಎಂದು ಅವನು ತಟ್ಟನೆ ಮುಚ್ಚಿಟ್ಟ.

'ಏನಿಲ್ಲ' ಎಂದವರ ಹತ್ತಿರ ಏನೋ ಇದ್ದೇ ಇರುತ್ತದೆ! ಅವಳ ಮನಸ್ಸಿನಲ್ಲಿ ಸಣ್ಣದೊಂದು ಮುಳ್ಳು ಆಗಲೇ ನೆಟ್ಟಿತು.

ಅವಳಿಗೆ ಇಪ್ಪತ್ತೊಂಬತ್ತು ವರ್ಷ. ಗಲ್ಲಿಯ ಕೊನೆಯ ಮನೆ, ದೊಡ್ಡಮ್ಮನ ಜೊತೆ ವಾಸ. ಮುಂದಿನ ಕೋಣೆಯೇ ಕೆಲಸದ ಜಾಗ. ಡಾಕ್ಟರುಗಳು ಕಳಿಸುವ ಅಚ್ಚುಗಳನ್ನು ನೋಡಿ ಮೇಣದಲ್ಲಿ ವಸಡು ತಿದ್ದಿ, ಒಂದೊಂದೇ ಹಲ್ಲು ಕೂರಿಸಿ ಸೆಟ್ ಮಾಡಿಕೊಡುತ್ತಿದ್ದಳು. ಗಲ್ಲಿಯವರಿಗೆಲ್ಲ ಅವಳು 'ಹಲ್ಲಿನ ಮೇಡಂ'.

ಕೆಲಸದಲ್ಲಿ ಕೈ ನಡುಗುತ್ತಿರಲಿಲ್ಲ. ಉಳಿದದ್ದರಲ್ಲೆಲ್ಲ ಜೀವ ನಡುಗುತ್ತಿತ್ತು. ಗ್ಯಾಸ್ ಆರಿಸಿದೆನೇ ಎಂದು ಬಾಗಿಲಿನಿಂದ ಮೂರು ಸಲ ವಾಪಸ್ ಬರುವವಳು. ದೊಡ್ಡಮ್ಮ ಅಂಗಡಿಯಿಂದ ಬರುವುದು ಹತ್ತು ನಿಮಿಷ ತಡವಾದರೆ ಗೇಟಿನ ಬಳಿ ನಿಂತುಬಿಡುವವಳು.

"ನಾನೇನು ಚಿಕ್ಕ ಮಗೂನಾ?" ಎಂದು ದೊಡ್ಡಮ್ಮ ರೇಗುತ್ತಿದ್ದರು.

"ಹೋಗೋವಾಗ ಹೇಳಿ ಹೋಗಿ ದೊಡ್ಡಮ್ಮ, ಅಷ್ಟೇ ನಾನು ಕೇಳೋದು."

ಆಗ ದೊಡ್ಡಮ್ಮ ಚೀಲ ಹಿಡಿದು ಒಳಗೆ ಹೋಗುತ್ತಿದ್ದರು. ಅವರಿಗೆ ಕಾರಣ ಗೊತ್ತಿತ್ತು.

ಅವಳಿಗೆ ಹನ್ನೊಂದು ವರ್ಷವಿದ್ದಾಗ, ಒಂದು ದಿನ ಶಾಲೆಯಿಂದ ಬಂದರೆ ಅಮ್ಮ ಮನೆಯಲ್ಲಿರಲಿಲ್ಲ. "ಊರಿಗೆ ಹೋಗಿದ್ದಾಳೆ, ನಾಲ್ಕು ದಿನದಲ್ಲಿ ಬರ್ತಾಳೆ," ಎಂದರು ದೊಡ್ಡಮ್ಮ. ನಾಲ್ಕನೆಯ ದಿನ ಅವಳು ಜಡೆ ಹಾಕಿಸಿಕೊಳ್ಳದೆ, ಅಮ್ಮನೇ ಬಂದು ಹಾಕಲಿ ಎಂದು ಮೆಟ್ಟಿಲ ಮೇಲೆ ಕಾದಳು. ಅಮ್ಮ ಹೋಗಿದ್ದು ಊರಿಗಲ್ಲ, ಆಪರೇಷನ್‌ಗೆ. ಅಮ್ಮ ಬರಲಿಲ್ಲ.

ಅಂದಿನಿಂದ ಅವಳಿಗೆ ಗಡಿಯಾರದಂತೆ ನಡೆಯುವ ಜೀವಿಗಳ ಮೇಲೆ ಮಾತ್ರ ಭರವಸೆ. ಗಲ್ಲಿಯ ಐದು ಬೆಕ್ಕುಗಳು ಹಾಗಿದ್ದವು.

ಎದುರು ಮನೆಯ ಹಳೇ ಸ್ಕೂಟರಿನ ಸೀಟಿನ ಮೇಲೆ ಬೆಳಗಿನ ಬಿಸಿಲು ಬೀಳುತ್ತಿತ್ತು. ಏಳರಿಂದ ಒಂಬತ್ತರವರೆಗೆ ಅದು ಕೇಸರಿ ಬೆಕ್ಕಿನ ಪಾಳಿ. ಆ ಗತ್ತಿಗೆ ಅವಳು ಇಟ್ಟ ಹೆಸರು 'ಸಾಹೇಬ್ರು'. ಒಂಬತ್ತಾಯಿತೋ, ಬಿಳಿ ಹೆಣ್ಣು 'ಮೀಸೆ' ಬಂದು ಗೇಣು ದೂರದಲ್ಲಿ ಕೂತು ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಸಾಹೇಬ್ರು ಐದು ನಿಮಿಷ ನಿದ್ದೆಯ ನಾಟಕವಾಡಿ, ಆಮೇಲೆ ಮೈಮುರಿದು ಇಳಿಯುತ್ತಿದ್ದರು. ಹನ್ನೊಂದಕ್ಕೆ ಮುದುಕ 'ಅರ್ಧಕಿವಿ'. ಬೂದು ಬಣ್ಣದ 'ಅವಳಿ'ಗಳಿಗೆ ಪಾಪ ಮಧ್ಯಾಹ್ನದ ನೆರಳು ಮಾತ್ರ.

ಸಂಜೆ ಐದೂವರೆಗೆ ಮಾತ್ರ ಐವರೂ ನೀರಿನ ತೊಟ್ಟಿಯ ಚಪ್ಪಡಿಯ ಮೇಲೆ ಸೇರುತ್ತಿದ್ದರು. ಒಬ್ಬರಿಗೊಬ್ಬರು ಒಂದು ಮೊಳ ಅಂತರ. ಒಬ್ಬೊಬ್ಬರ ಮುಖ ಒಂದೊಂದು ದಿಕ್ಕಿಗೆ. ಅರ್ಧ ಗಂಟೆ ಕೂತು, ಒಬ್ಬೊಬ್ಬರಾಗಿ ಎದ್ದು ಹೋಗುತ್ತಿದ್ದರು. ಯಾವ ವಿಷಯದ ಚರ್ಚೆಯೋ, ಏನು ತೀರ್ಮಾನವೋ!

ಐವರಲ್ಲಿ ಮೀಸೆ ಮಾತ್ರ ದಿನಕ್ಕೊಮ್ಮೆ ಅವಳ ಕೋಣೆಗೆ ಬಂದು, ಹಲ್ಲಿನ ಅಚ್ಚುಗಳ ನಡುವೆ ಒಂದನ್ನೂ ಬೀಳಿಸದೆ ನಡೆದು, ಮೇಜಿನ ದೀಪದ ಕೆಳಗೆ ಮಲಗುತ್ತಿದ್ದಳು.

ಹಲ್ಲು ಬಿದ್ದ ದಿನವೇ ಸಂಜೆ ಅವನು ಬಾಗಿಲಿಗೆ ಬಂದ. ಕೈಯಲ್ಲೊಂದು ಟ್ಯೂಬು.

"ಬೆಳಿಗ್ಗೆ ಆಗಿದ್ದಕ್ಕೆ ಕ್ಷಮಿಸಿ. ನಾನು ಲಿಫ್ಟ್ ರಿಪೇರಿ ಮಾಡೋನು, ಎದುರು ಬಿಲ್ಡಿಂಗಿಗೆ ಮೂರು ತಿಂಗಳ ಹಿಂದೆ ಬಂದ್ವಿ. ಇದು ಲಿಫ್ಟ್ ಬಾಗಿಲಿಗೆ ಹಾಕೋ ಅಂಟು. ಆನೆ ಎಳೆದ್ರೂ ಬಿಡಲ್ಲ."

"ಹಾಗಾದ್ರೆ ಮೇಷ್ಟ್ರು ಮತ್ತೆ ಬಾಯಿ ತೆಗೆಯೋದೇ ಬೇಡ್ವಾ?"

ಅವನು ನಕ್ಕುಬಿಟ್ಟ. ಅವಳ ಕಣ್ಣು ಅಭ್ಯಾಸಬಲದಿಂದ ಅವನ ಹಲ್ಲಿನ ಮೇಲೆ ಹೋಯಿತು. ಮುಂದಿನ ಎರಡು ಹಲ್ಲು ಒಂದರ ಮೇಲೊಂದು ಸ್ವಲ್ಪ ಹತ್ತಿಕೊಂಡಿದ್ದವು. ಇದನ್ನು ಸರಿ ಮಾಡಬಾರದು, ಹೀಗೇ ಚೆನ್ನಾಗಿದೆ... ಎಂದುಕೊಂಡು, ಹಾಗಂದುಕೊಂಡಿದ್ದಕ್ಕೆ ತಾನೇ ಗಾಬರಿಯಾದಳು.

ಒಡೆದ ಸಾಲನ್ನು ಅವಳೇ ರಾತ್ರಿಯೆಲ್ಲ ಕೂತು ಬೆಸೆದು, ಭಾಷಣಕ್ಕೆ ಮೊದಲೇ ಮೇಷ್ಟ್ರಿಗೆ ತಲುಪಿಸಿದಳು. ಆಮೇಲೆ ಐದೂವರೆಗೆ ಅವನೂ ತೊಟ್ಟಿಯ ಬಳಿ ಬರತೊಡಗಿದ. ಅವಳು ಒಂದು ಬದಿ, ಅವನು ಇನ್ನೊಂದು ಬದಿ. ಇಬ್ಬರೂ ಬೆಕ್ಕುಗಳನ್ನು ನೋಡುತ್ತಲೇ ಮಾತಾಡುತ್ತಿದ್ದರು.

"ಸಭೆಗೆ ಈಗ ಏಳು ಜನ ಆದ್ರಲ್ಲಪ್ಪ!" ಎಂದು ದೊಡ್ಡಮ್ಮ ಕಿಟಕಿಯಿಂದ ಕೂಗಿದಾಗ ಅವಳು ಕಿವಿಯವರೆಗೂ ಕೆಂಪಾದಳು.

ಅವನು ತುಂಬ ಕೇಳುತ್ತಿದ್ದ. ಅರ್ಧಕಿವಿ ರಾತ್ರಿ ಎಲ್ಲಿರುತ್ತಾನೆ? ಮೀಸೆಗೆ ಮರಿ ಆಗಿತ್ತಾ? ಅವಳಿಗಳಲ್ಲಿ ಹೆಣ್ಣು ಯಾವುದು? ಅವಳು ಎಲ್ಲ ಹೇಳುತ್ತಿದ್ದಳು. ಅವನು ಆಗಾಗ ನೋಟ್‌ಬುಕ್ ತೆಗೆಯುತ್ತಿದ್ದ. ಏನು ಎಂದು ಕೇಳಿದರೆ ಅದೇ ಉತ್ತರ: "ಏನಿಲ್ಲ."

ಒಂದು ಸಂಜೆ, ಯಾಕೋ ಏನೋ, ಅವಳು ಅಮ್ಮನ ವಿಷಯವನ್ನೂ ಹೇಳಿಬಿಟ್ಟಳು.

"ಈಗಲೂ ಆಪರೇಷನ್ ಅನ್ನೋ ಮಾತು ಕಿವಿಗೆ ಬಿದ್ರೆ ಸಾಕು, ಕೈಕಾಲು ತಣ್ಣಗಾಗುತ್ತೆ ನನಗೆ."

ಅವನು ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ. ತುಂಬ ಹೊತ್ತು ಅವಳ ಮುಖವನ್ನೇ ನೋಡಿದ. ಅದು ಅನುಕಂಪ ಎಂದುಕೊಂಡಳು ಅವಳು.

ಅದಾದ ಎರಡೇ ದಿನಕ್ಕೆ ನಿವಾಸಿಗಳ ಸಂಘದ ಬೋರ್ಡಿನಲ್ಲಿ ಒಂದು ನೋಟಿಸು ಕಾಣಿಸಿಕೊಂಡಿತು. *ಬೆಕ್ಕುಗಳ ಹಾವಳಿಯ ಬಗ್ಗೆ ದೂರು ಬಂದಿರುವುದರಿಂದ, ತಿಂಗಳ ಕೊನೆಯೊಳಗೆ ಅವುಗಳನ್ನು ಸ್ಥಳಾಂತರಿಸಲಾಗುವುದು.*

ದೂರು ಕೊಟ್ಟವರ ಹೆಸರಿರಲಿಲ್ಲ.

ಮರುದಿನ ಹನ್ನೊಂದಕ್ಕೆ ಸ್ಕೂಟರಿನ ಮೇಲೆ ಅರ್ಧಕಿವಿ ಬರಲಿಲ್ಲ. ಸಂಜೆಯ ಸಭೆಯಲ್ಲಿ ನಾಲ್ವರೇ. ಅವನ ಜಾಗವನ್ನು ಖಾಲಿ ಬಿಟ್ಟೇ ಉಳಿದವರು ಕೂತಿದ್ದರು.

"ಎಲ್ಲೋ ಹೋಗಿರ್ತಾನೆ, ಬರ್ತಾನೆ ಬಿಡಿ," ಎಂದ ಅವನು. ಎನ್ನುವಾಗ ಅವಳತ್ತ ನೋಡಲಿಲ್ಲ.

*ನಾಲ್ಕು ದಿನದಲ್ಲಿ ಬರ್ತಾಳೆ...* ದೊಡ್ಡಮ್ಮ ಆವತ್ತು ಹೇಳಿದ್ದೂ ಹೀಗೆಯೇ.

ಅದರ ಮಾರನೆಯ ದಿನ ಮೀಸೆಯೂ ಇಲ್ಲ.

ಅವಳು ತೊಟ್ಟಿಯ ಹಿಂದೆ ಹುಡುಕಿದಳು, ಕಾರುಗಳ ಕೆಳಗೆ ಬಗ್ಗಿ ನೋಡಿದಳು, ಗ್ಯಾರೇಜಿನ ಬೀಗದ ಸಂದಿಯಲ್ಲಿ ಕರೆದಳು. ಮೇಣ ಕಾಯಿಸಲು ಇಟ್ಟು ಮರೆತು ಸುಟ್ಟಳು. ಒಂಬತ್ತು ಗಂಟೆಗೆ ಸಾಹೇಬ್ರು ಸೀಟಿನ ಮೇಲೆ ತಲೆಯೆತ್ತಿ ನೋಡಿದರು. ಎಬ್ಬಿಸುವವರು ಯಾರೂ ಇಲ್ಲ. ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಕೊನೆಗೆ ತಾವಾಗಿಯೇ ಇಳಿದು ಹೋದರು. ಬಿಸಿಲು ಖಾಲಿ ಸೀಟಿನ ಮೇಲೆ ಬಿದ್ದಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು.

ಆ ಸಂಜೆ ಅವನು ಬಟ್ಟೆ ಮುಚ್ಚಿದ ಪಂಜರವೊಂದನ್ನು ಹಿಡಿದು ಗೇಟಿನೊಳಗೆ ಬರುವುದು ಕಾಣಿಸಿತು.

ನೋಟ್‌ಬುಕ್. ಕೈಗಡಿಯಾರ. ಪ್ರಶ್ನೆಗಳು. ಪಂಜರ...!

ಅವಳು ಓಡಿ ಹೋಗಿ ಬಟ್ಟೆ ಎಳೆದಳು. ಪಂಜರ ಖಾಲಿ. ಅದರ ತಳದಲ್ಲಿ ನಾಲ್ಕಾರು ಬಿಳಿ ಕೂದಲು.

"ಮೀಸೆ ಎಲ್ಲಿ?"

"ಹೇಳ್ತೀನಿ. ಇಲ್ಲಿ ಬೇಡ. ಒಂದೈದು ನಿಮಿಷ ನಮ್ಮನೆಗೆ..."

"ಇಲ್ಲೇ ಹೇಳಿ!" ಅವಳ ದನಿಗೆ ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. "ನೀವೇ ತಾನೇ ದೂರು ಕೊಟ್ಟಿದ್ದು? ಯಾವಾಗ ಎಲ್ಲಿರ್ತಾವೆ ಅಂತ ಬರ್ಕೊಂಡು, ನನ್ನ ಬಾಯಿಂದಾನೇ ಎಲ್ಲಾ ಹೇಳಿಸ್ಕೊಂಡು, ಹಿಡಿದು ಕೊಟ್ಟುಬಿಟ್ರಲ್ಲ! ನಾನು ದಡ್ಡಿ... ದಿನಾ ಬಂದು ನಿಮ್ಮ ಹತ್ರ..."

ಅವನ ಮುಖ ಬಿಳಿಚಿಕೊಂಡಿತು.

"ನನ್ನ ಬಗ್ಗೆ ಹಾಗಂದ್ಕೊಂಡ್ರಾ?"

"ಇನ್ನೇನು ಅಂದ್ಕೋಬೇಕು? ಒಂದು ಸಲನಾದ್ರೂ ಏನಾದ್ರೂ ಹೇಳಿದ್ದೀರಾ ನೀವು?"

ಅವನ ಜೇಬಿನಲ್ಲಿ ಫೋನು ಬಡಿದುಕೊಂಡಿತು. ಕಿವಿಗಿಟ್ಟು ಕೇಳಿ, ಕಣ್ಣು ಮುಚ್ಚಿ ತೆರೆದ. "ಲಿಫ್ಟಲ್ಲಿ ಜನ ಸಿಕ್ಕಿಹಾಕ್ಕೊಂಡಿದ್ದಾರಂತೆ. ನಾನು ಹೋಗ್ಲೇಬೇಕು. ಬಂದು ಹೇಳ್ತೀನಿ."

"ಬರಬೇಡಿ!"

ಅವನು ಪಂಜರವನ್ನು ಅಲ್ಲೇ ಗೋಡೆಗೊರಗಿಸಿ ಹೋಗಿಬಿಟ್ಟ.

ಮರುದಿನ ಅವನು ಸಭೆಗೆ ಬರಲಿಲ್ಲ. ಬರಬೇಡಿ ಎಂದವಳೇ ಅವಳು. ಆದರೂ ಐದೂವರೆಯಿಂದ ಆರೂವರೆಯವರೆಗೆ ಅವಳ ಕಣ್ಣು ಎದುರು ಬಿಲ್ಡಿಂಗಿನ ಬಾಗಿಲಿನ ಮೇಲೇ ಇತ್ತು. ಸಿಟ್ಟು ಬರಲಿ ಎಂದು ಎಷ್ಟು ಪ್ರಯತ್ನಪಟ್ಟರೂ ಬರುತ್ತಿದ್ದುದು ಭಯವೇ. 'ಅವನು ನಿಜವಾಗಿಯೂ ಹಾಗೆ ಮಾಡಿದ್ದರೆ?' ಎಂಬುದೊಂದು ಭಯ. 'ಮಾಡಿಲ್ಲದಿದ್ದರೆ?' ಎಂಬುದು ಅದಕ್ಕಿಂತ ದೊಡ್ಡ ಭಯ.

ಅದರ ಮರುದಿನ ಮಧ್ಯಾಹ್ನ ಸಂಘದ ಕಾರ್ಯದರ್ಶಿಗಳು ಬಂದರು. ಮಾತಾಡುವಾಗ ಅವರ ಮೇಲಿನ ಸೆಟ್ ಸಡಿಲವಾಗಿ ಕಟಕಟ ಎನ್ನುತ್ತಿತ್ತು.

"ಸ್ವಲ್ಪ ಬಿಗಿ ಮಾಡಿಕೊಡಮ್ಮ. ನಿನ್ನೆ ಮೀಟಿಂಗಲ್ಲಿ ಹಾರಿಹೋಗಿ ಪಕ್ಕದವರ ಟೀ ಕಪ್ಪಿಗೆ ಬೀಳೋದ್ರಲ್ಲಿತ್ತು."

ಸೆಟ್ ಕೈಗೆ ತೆಗೆದುಕೊಳ್ಳುತ್ತಾ ಅವಳು ತಡೆಯಲಾರದೆ ಕೇಳಿದಳು. "ಬೆಕ್ಕುಗಳ ಮೇಲೆ ದೂರು ಕೊಟ್ಟಿದ್ದು ಲಿಫ್ಟಿನವರು ತಾನೇ?"

ಹಲ್ಲಿಲ್ಲದ ಬಾಯಲ್ಲಿ ಅವರು ಜೋರಾಗಿ ನಕ್ಕರು. "ಅವನಾ? ದೂರು ಕೊಟ್ಟಿದ್ದು ಹೊಸ ಕಾರಿನವರು, ಬಾನೆಟ್ ಮೇಲೆ ಹೆಜ್ಜೆ ಗುರುತಂತೆ! ಆ ಹುಡುಗ ಅದನ್ನ ಕೇಳಿದ್ದೇ ನನ್ನ ಹತ್ರ ಓಡಿಬಂದ. ಸಾರ್, ಓಡಿಸಬೇಡಿ, ಒಂದೊಂದಾಗಿ ಹಿಡಿದು ಡಾಕ್ಟ್ರ ಹತ್ರ ಆಪರೇಷನ್ ಮಾಡಿಸ್ತೀನಿ, ಮರಿ ಹೆಚ್ಚಾಗಲ್ಲ, ಗಾಯ ಮಾಗೋವರೆಗೂ ನಮ್ಮನೇಲೇ ಇಟ್ಕೊಂಡು ವಾಪಸ್ ಬಿಡ್ತೀನಿ ಅಂದ. ನಾನೂ ಒಪ್ಪಿದೆ, ಆ ನೋಟಿಸು ಕಾರಿನವರನ್ನ ಸಮಾಧಾನ ಮಾಡೋಕೆ ಅಷ್ಟೇ. ನಿನಗೆ ಹೇಳಿಲ್ವಾ ಅವನು?"

ಅವಳ ಕೈ ನಿಂತೇಹೋಯಿತು.

ಅವರು ಹೋದ ಮೇಲೂ ಅವಳು ಕುರ್ಚಿಯಿಂದ ಏಳಲಿಲ್ಲ. ದೊಡ್ಡಮ್ಮ ಬಂದು ಪಕ್ಕದಲ್ಲಿ ಕೂತರು.

"ಆಪರೇಷನ್ ಅಂದ್ರೆ ನಂಗೆ ಭಯ ಅಂತ ನಾನೇ ಹೇಳಿದ್ದೆ ದೊಡ್ಡಮ್ಮ. ಅದಕ್ಕೇ ಹೇಳ್ಲಿಲ್ಲ ಅವರು... ಆದ್ರೂ ಹೇಳ್ಬೇಕಿತ್ತು. ಹೇಳ್ಬೇಕಿತ್ತು ತಾನೇ?"

ದೊಡ್ಡಮ್ಮ ತಮ್ಮ ಕೈಗಳನ್ನು ನೋಡಿಕೊಂಡರು.

"ಆವತ್ತು ನಾನೂ ಅದನ್ನೇ ಮಾಡಿದ್ದು ಕಣೇ. ನಿನ್ನಮ್ಮ ಹೋಗೋವಾಗ, ಮಗೂಗೆ ನಿಜ ಹೇಳಕ್ಕ ಅಂದ್ಲು. ನಾನೇ ಬೇಡ ಅಂದೆ. ಪಾಪ ಹೆದರ್ಕೊಳುತ್ತೆ ಅಂತ... ನಿನಗೆ ಒಂದು ದಿನದ ಹೆದರಿಕೆ ತಪ್ಪಿಸೋಕೆ ಹೋಗಿ, ಜೀವಮಾನದ ಹೆದರಿಕೆ ಕೊಟ್ಟುಬಿಟ್ಟೆ." ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. "ಹದಿನೆಂಟು ವರ್ಷದಿಂದ ಈ ಮಾತು ಹೇಳೋಕೆ ನಂಗೂ ಭಯ. ಕ್ಷಮಿಸ್ತೀಯಾ?"

ಅವಳು ದೊಡ್ಡಮ್ಮನ ಮಡಿಲಲ್ಲಿ ಮುಖ ಹುದುಗಿಸಿದಳು. ಎಷ್ಟೋ ಹೊತ್ತಾದ ಮೇಲೆ ದೊಡ್ಡಮ್ಮನೇ ಅವಳ ಬೆನ್ನು ತಟ್ಟಿದರು.

"ಏಳು ಈಗ. ಹೋಗು. ಅವನು ಕೆಟ್ಟವನಲ್ಲ. ನನ್ನ ಹಾಗೇ ದಡ್ಡ, ಅಷ್ಟೇ."

ಎದುರು ಬಿಲ್ಡಿಂಗಿನ ಮೂರನೇ ಮಹಡಿ. ಲಿಫ್ಟಿನವನ ಮನೆಗೆ ಲಿಫ್ಟೇ ಇರಲಿಲ್ಲ! ಮೆಟ್ಟಿಲು ಹತ್ತುವಾಗ ಅವಳು ಏನು ಹೇಳಬೇಕೆಂದು ಹನ್ನೆರಡು ಸಲ ಜೋಡಿಸಿಕೊಂಡಳು. ಬಾಗಿಲು ತಟ್ಟಿದರೆ ಒಳಗಿನಿಂದ ಹೆಂಗಸಿನ ದನಿ ಬಂತು. "ಚಿಲಕ ಹಾಕಿಲ್ಲ, ಬನ್ನಿ. ನಾನು ಏಳೋ ಹಾಗಿಲ್ಲ."

ಕಿಟಕಿಯಿಲ್ಲದ ಗೋಡೆಯ ಪಕ್ಕದ ಮಂಚದಲ್ಲಿ ಅವನ ತಾಯಿ ಮಲಗಿದ್ದರು. ಸೊಂಟದ ಮೂಳೆ ಮುರಿದು ಎರಡು ತಿಂಗಳಾಗಿತ್ತು. ಬೀರುವಿನ ಮೇಲೆ ಅರ್ಧಕಿವಿ ಮಹಾರಾಜನ ಹಾಗೆ ಕೂತಿದ್ದ.

"ನೀನೇ ಅಲ್ವೇನಮ್ಮ ಹಲ್ಲಿನ ಹುಡುಗಿ?" ಎಂದು ಆಕೆ ಕಣ್ಣರಳಿಸಿದರು.

"ನಿಮಗೆ ಹೇಗೆ...?"

"ದಿನಾ ಓದಿ ಹೇಳ್ತಾನಲ್ಲ!" ದಿಂಬಿನ ಕೆಳಗಿನಿಂದ ಆಕೆ ಆ ಪುಟ್ಟ ನೋಟ್‌ಬುಕ್ ತೆಗೆದರು. "ನಂಗೆ ಕಿಟಕಿ ತನಕ ಹೋಗೋಕಾಗಲ್ಲ. ಮಲಗಿ ಮಲಗಿ ಹುಚ್ಚು ಹಿಡಿಯೋ ಹಾಗಾಗಿತ್ತು. ಅದಕ್ಕೆ ಅವನು ಬೆಕ್ಕುಗಳ ಸುದ್ದಿ ಬರ್ಕೊಂಡು ಬರ್ತಾನೆ. ಧಾರಾವಾಹಿ ಥರ ಕೇಳ್ತೀನಿ ನಾನು. ಬೇಕಾದ್ರೆ ನೋಡು."

ಅವಳು ಹಾಳೆ ತಿರುವಿದಳು.

*೬.೫೦. ಗೋಡೆ ಮೇಲೆ ಮಾತುಕತೆ. ಕೇಸರಿ ಸೋತ. ಒಬ್ಬರ ಹಲ್ಲು ಒಡೆಯಿತು, ಅವರದ್ದಲ್ಲ.*

*೫.೩೦. ಸಭೆ. ಐವರೂ ಹಾಜರು. ಹಲ್ಲಿನ ಮೇಡಂ ಇವತ್ತು ಎರಡು ಸಲ ನಕ್ಕರು.*

*೫.೩೦. ಸಭೆ. ಅವರ ಅಮ್ಮನ ವಿಷಯ ಹೇಳಿದರು. ಬೆಕ್ಕುಗಳನ್ನು ನೋಡಲಿಲ್ಲ.*

ಅಕ್ಷರಗಳು ಮಸುಕಾದವು. ಅವಳು ತಲೆ ಎತ್ತಿ, "ಅವರು ಎಲ್ಲಿ?" ಎಂದಳು.

"ಕೆಲಸಕ್ಕೆ ಹೋದ. ಎರಡು ದಿನದಿಂದ ಸರಿಯಾಗಿ ಊಟ ಇಲ್ಲ, ಮಾತಿಲ್ಲ. ಅವನೂ ಅಷ್ಟೇ, ನಿನ್ನ ಆ ಬಿಳಿ ಬೆಕ್ಕೂ ಅಷ್ಟೇ. ಗಾಯ ಒಣಗ್ತಿದೆ, ಆದ್ರೆ ನಿನ್ನೆಯಿಂದ ಏನೂ ಮುಟ್ಟಿಲ್ಲ ನೋಡಮ್ಮ. ಮಂಚದ ಕೆಳಗೆ ಸೇರ್ಕೊಂಡಿದೆ. ಸಂಜೆ ಡಾಕ್ಟ್ರ ಹತ್ರ ಕರ್ಕೊಂಡು ಹೋಗ್ತೀನಿ ಅಂದಿದ್ದಾನೆ."

ಅವಳು ನೆಲಕ್ಕೆ ಬಗ್ಗಿದಳು. ಮೂಲೆಯಲ್ಲಿ ಮೀಸೆ ಮುದುಡಿ ಕೂತಿದ್ದಳು. ಬಾಯಿಯಿಂದ ಜೊಲ್ಲು ಸುರಿಯುತ್ತಿತ್ತು. ಅವಳನ್ನು ಕಂಡು ಸದ್ದೇ ಇಲ್ಲದೆ ಬಾಯಿ ತೆರೆದಳು.

ಬಾಯಿಯ ವಿಷಯಕ್ಕೆ ಬಂದರೆ ಹಲ್ಲಿನ ಮೇಡಂ ಕೈ ನಡುಗುವುದಿಲ್ಲ. ಮೆಲ್ಲಗೆ ಹೊರಗೆ ತೆಗೆದು, ಹೆಬ್ಬೆರಳಿನಿಂದ ತುಟಿ ಸರಿಸಿ ನೋಡಿದಳು. ಹಿಂದಿನ ಹಲ್ಲೊಂದು ಸೀಳಿತ್ತು. ಸುತ್ತ ವಸಡು ಕೆಂಪಗೆ ಊದಿ ಕೀವು ಕಟ್ಟಿತ್ತು.

"ಸಂಜೆವರೆಗೂ ಕಾಯೋ ಹಾಗಿಲ್ಲ ಅಮ್ಮ. ನಾನು ಈಗಲೇ ಕರ್ಕೊಂಡು ಹೋಗ್ತೀನಿ."

ಅವನಿಗೆ ಫೋನು ಮಾಡಿದರೆ ಸಿಗಲಿಲ್ಲ. ಲಿಫ್ಟಿನ ಕೆಳಗಿನ ಹೊಂಡದಲ್ಲಿದ್ದರೆ ಸಿಗ್ನಲ್ ಸಿಗುವುದಿಲ್ಲವಂತೆ.

ಅವನ ತಾಯಿ ಹೇಳಿದ ಪ್ರಾಣಿಗಳ ಡಾಕ್ಟರು ಚುರುಕಿನ ಹೆಂಗಸು. ಒಂದೇ ನೋಟಕ್ಕೆ ಹೇಳಿದರು. "ಹಲ್ಲು ಕೀಳಲೇಬೇಕು. ಇನ್ನೊಮ್ಮೆ ಮತ್ತಿನ ಇಂಜೆಕ್ಷನ್ ಕೊಡ್ಬೇಕಾಗುತ್ತೆ. ಮೊನ್ನೆ ತಾನೇ ಒಂದು ಆಪರೇಷನ್ ಆಗಿದೆ, ಸ್ವಲ್ಪ ಸುಸ್ತಿದೆ. ಸುಳ್ಳು ಹೇಳಲ್ಲ, ಅಪಾಯ ಇಲ್ಲವೇ ಇಲ್ಲ ಅನ್ನೋಕಾಗಲ್ಲ. ಬಿಟ್ರೆ ಮಾತ್ರ ಉಳಿಯಲ್ಲ. ಇಲ್ಲಿ ಸಹಿ ಮಾಡಿ."

ಪೆನ್ನು ಕೈಗೆ ಬಂತು. ಔಷಧಿಯ ವಾಸನೆ, ಬಿಳಿ ಗೋಡೆ, ತಿರುಗುವ ಬಾಗಿಲು... ಓಡಿಹೋಗಬೇಕು ಅನಿಸಿತು. ಮೀಸೆಯ ಪಂಜ ಅವಳ ತೋಳಿನ ಮೇಲಿತ್ತು.

ಅವಳು ಬಗ್ಗಿ ಆ ಕಿವಿಯಲ್ಲಿ ಹೇಳಿದಳು. "ನಿಂಗೆ ಆಪರೇಷನ್ ಕಣೇ. ಹಲ್ಲು ಕೀಳ್ತಾರೆ. ನೋವಾಗುತ್ತೆ. ನಾನು ಹೊರಗೇ ಕೂತಿರ್ತೀನಿ."

ಸಹಿ ಮಾಡಿದಳು.

ಬೆಂಚಿನ ಮೇಲೆ ಒಬ್ಬಳೇ. ಹತ್ತು ನಿಮಿಷ. ಇಪ್ಪತ್ತು. ಗೋಡೆಯ ಗಡಿಯಾರದ ಮುಳ್ಳು ಅಂಟಿಕೊಂಡು ಕೂತಂತಿತ್ತು. ಒಳಗೆ ಏನೋ ಬಿದ್ದ ಸದ್ದಾಯಿತು. ಅವಳು ಎದ್ದು ನಿಂತಳು, ಕೂತಳು, ಮತ್ತೆ ಎದ್ದಳು.

ಬಾಗಿಲು ದೂಡಿಕೊಂಡು ಅವನು ಬಂದ. ಅಂಗಿಯ ತುಂಬ ಗ್ರೀಸು, ಏದುಸಿರು. ತಾಯಿ ಹೇಳಿದ್ದನ್ನು ಕೇಳಿ ಓಡಿ ಬಂದಿದ್ದ. ಅವಳನ್ನು ಕಂಡವನು ಬಾಗಿಲಲ್ಲೇ ನಿಂತುಬಿಟ್ಟ. ಬೆಂಚಿನ ಆ ತುದಿಗೆ ಬಂದು ಕೂತ. ನಡುವೆ ಒಂದು ಮೊಳ ಅಂತರ.

ಇಬ್ಬರ ಮುಖವೂ ಒಂದೊಂದು ದಿಕ್ಕಿಗೆ.

"ನಾಯಿಗಳನ್ನ ತೂಕ ಮಾಡೋ ಮಶೀನು ದೊಡ್ಡದಾಗಿದೆ," ಎಂದ ಅವನು ಕೊನೆಗೆ, ಎದುರಿನ ಮೂಲೆ ನೋಡುತ್ತಾ.

"ಹೂಂ. ದೊಡ್ಡದು," ಎಂದಳು ಅವಳು, ಕಿಟಕಿ ನೋಡುತ್ತಾ.

ಅವಳು ತೋಳಿಗೆ ಅಂಟಿದ್ದ ಬಿಳಿ ಕೂದಲೊಂದನ್ನು ತೆಗೆದಳು.

"ನಾನು ಎಲ್ಲರ ಮುಂದೆ ಕೂಗಾಡಿದ್ದು..." ಎಂದಳು ಅವಳು. "ತಪ್ಪು. ತುಂಬಾ ದೊಡ್ಡ ತಪ್ಪು. ಕ್ಷಮಿಸಿ."

"ನಿಮ್ಮ ತಪ್ಪಲ್ಲ. ನಾನು ಮೊದಲೇ ಹೇಳಿದ್ರೆ ಇದ್ಯಾವುದೂ ಆಗ್ತಿರ್ಲಿಲ್ಲ. ಹೇಳೋಣ ಅಂತಾನೇ ಬಂದಿದ್ದೆ ಆವತ್ತು. ಅಷ್ಟರಲ್ಲಿ ನಿಮ್ಮ ಅಮ್ಮನ ವಿಷಯ ಹೇಳಿದ್ರಿ. ಇವರಿಗೆ ಈ ಚಿಂತೆನೂ ಬೇಡ, ಎಲ್ಲಾ ಮುಗಿಸಿ ಐದೂ ಬೆಕ್ಕನ್ನ ಕರ್ಕೊಂಡು ಬಂದು ನಿಲ್ಲಿಸಿ ಆಮೇಲೆ ಹೇಳೋಣ ಅಂದ್ಕೊಂಡೆ."

"ಹಾಗೆ ಮಾಡಬೇಡಿ." ಅವಳು ಮೊದಲ ಬಾರಿ ನೇರವಾಗಿ ಅವನ ಕಣ್ಣು ನೋಡಿದಳು. "ನಾನು ಹೆದರ್ಕೊಳ್ಳೋಳು. ನಿಜ. ಆದ್ರೆ ಹೆದರ್ಕೊಂಡೇ ಎಲ್ಲಾ ಮಾಡ್ತೀನಿ. ನೋಡಿ, ಇವತ್ತು ಮಾಡಿದೆ. ಹೇಳದೇ ಇರೋದನ್ನ ಮಾತ್ರ ನನ್ನ ಕೈಲಿ ತಡ್ಕೊಳ್ಳೋಕಾಗಲ್ಲ."

ಅವನ ಕಣ್ಣು ತುಂಬಿತು. ಗ್ರೀಸಿನ ಕೈಯಲ್ಲೇ ಒರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಕಪ್ಪು ಬಳಿದುಕೊಂಡ. ಅವಳು ಕರವಸ್ತ್ರ ಚಾಚಿದಳು. ಅಂತರ ಅರ್ಧ ಮೊಳವಾಯಿತು.

ಅಷ್ಟರಲ್ಲಿ ಡಾಕ್ಟರು ಹೊರಗೆ ಬಂದರು. ಇಬ್ಬರೂ ಒಟ್ಟಿಗೆ ಎದ್ದು ನಿಂತರು. ಅವಳಿಗೇ ಅರಿವಿಲ್ಲದೆ ಅವಳ ಕೈ ಅವನ ತೋಳನ್ನು ಹಿಡಿದಿತ್ತು.

"ಹಲ್ಲು ಕಿತ್ತಾಯ್ತು. ಎಚ್ಚರಾನೂ ಆಗಿದೆ. ಎದ್ದ ತಕ್ಷಣ ನನ್ನ ಕೈಗೆ ಒಂದು ಏಟು ಕೊಟ್ಟಳು ನಿಮ್ಮ ಮೀಸೆ. ಅಂದ್ರೆ ಪೂರ್ತಿ ಸರಿ ಇದ್ದಾಳೆ ಅಂತ ಅರ್ಥ! ಅರ್ಧ ಗಂಟೆ ಬಿಟ್ಟು ಕರ್ಕೊಂಡು ಹೋಗಿ."

ಅವಳು ಬೆಂಚಿನ ಮೇಲೆ ಕುಸಿದು ಕೂತು, ಅಳುತ್ತಾ ನಕ್ಕಳು. ಅವನು ಪಕ್ಕದಲ್ಲೇ ಕೂತ. ತೋಳು ಹಿಡಿದ ಅವಳ ಕೈ ಇನ್ನೂ ಅಲ್ಲೇ ಇತ್ತು. ಇಬ್ಬರೂ ಅದನ್ನು ಗಮನಿಸದವರಂತೆ ಇದ್ದರು.

"ಏನ್ರೀ," ಎಂದ ಅವನು ತಗ್ಗಿದ ದನಿಯಲ್ಲಿ. "ಹೇಳದೇ ಇರಬಾರ್ದು ಅಂದ್ರಲ್ಲ. ಹಾಗಾದ್ರೆ ಇನ್ನೊಂದು ವಿಷಯ ಇದೆ. ನೀವು ಹೆದರ್ಕೋಬಹುದು."

ಅವಳ ಕೈ ಅವನ ತೋಳನ್ನು ಇನ್ನಷ್ಟು ಬಿಗಿಯಾಗಿ ಹಿಡಿಯಿತು. "ಹೇಳಿ."

"ನೀವಂದ್ರೆ ನನಗೆ ಪ್ರಾಣ. ನಿಮ್ಮನ್ನ ಮದುವೆ ಆಗ್ಬೇಕು ಅಂತಿದ್ದೀನಿ."

ಹೊರಗೆ ರಸ್ತೆಯಲ್ಲಿ ಬಸ್ಸೊಂದು ನಿಂತು ಹೋಯಿತು.

"ಹೆದರಿಕೆ ಆಯ್ತಾ?" ಎಂದ ಅವನು, ತಾನೇ ಹೆದರಿ.

"ಆಗ್ತಿದೆ."

"ತುಂಬಾನಾ?"

"ತುಂಬಾ..." ಅವಳು ಮೆಲ್ಲಗೆ ಅವನ ಭುಜಕ್ಕೆ ತಲೆಯಾನಿಸಿದಳು. "ಇನ್ನೊಂದು ಸಲ ಹೇಳಿ."